ಹೊಗೆ ಕಂಡವನು ಯಾಕೆ ಫೋನ್ ಮಾಡುವುದಿಲ್ಲ?

ಕಾಡ್ಗಿಚ್ಚಿನ ಬಗ್ಗೆ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ: “ಬೆಂಕಿ ಹಚ್ಚುವವರು ಕಾಡಂಚಿನ ಜನರೇ. ನಾಲ್ಕು ಮಂದಿಯನ್ನು ಜೈಲಿಗೆ ತಳ್ಳಿ, ಹೆಲಿಕಾಪ್ಟರ್, ಡ್ರೋನ್ ಕೊಳ್ಳಿ. ಜನರ ಸಹಭಾಗಿತ್ವ ಅನ್ನುವುದೆಲ್ಲ ಭಾಷಣ.”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಬೇಕೆಂದೇ ಕಾಡು ಸುಡುವವರಿಗೆ ಶಿಕ್ಷೆಯಾಗಲಿ, ತಕರಾರಿಲ್ಲ. ಆದರೆ ಹೊಲದ ಕಸ ಸುಡುವಾಗ ಕೈತಪ್ಪಿದ ಬೆಂಕಿ, ವಿದ್ಯುತ್ ತಂತಿಯಿಂದ ಸಿಡಿದ ಕಿಡಿ, ಇವೂ ಮನುಷ್ಯರ ಲೆಕ್ಕಕ್ಕೇ ಬರುತ್ತವೆ. ಹೊಗೆ ಮೊದಲು ಕಣ್ಣಿಗೆ ಬೀಳುವುದು ಕಾಡಂಚಿನವರಿಗೆ. ಫೋನ್ ಮಾಡಿದವನನ್ನೇ ಮೊದಲು ಠಾಣೆಗೆ ಕರೆಸಿ ಕೂರಿಸಿದರೆ, ಮುಂದಿನ ಸಲ ಅವನು ಕಂಡೂ ಕಾಣದಂತೆ ಇದ್ದುಬಿಡುತ್ತಾನೆ. ಹತ್ತು ಜನ ಹಸಿ ಸೊಪ್ಪಿನಿಂದ ಬಡಿದು ಆರಿಸಬಹುದಾಗಿದ್ದ ಬೆಂಕಿ ಅಷ್ಟರಲ್ಲಿ ಗುಡ್ಡ ಹತ್ತಿರುತ್ತದೆ. ಏರಿನಲ್ಲಿ ಅದರ ಓಟ ಇನ್ನೂ ಜೋರು. ಆಮೇಲೆ ನಿಮ್ಮ ಹೆಲಿಕಾಪ್ಟರ್ ಬರಬೇಕು. (ಗಾಳಿ ವಿಪರೀತವಾದರೆ, ಹೊಗೆ ಕವಿದರೆ ಅದೂ ಹಾರುವುದಿಲ್ಲ.)

ಆರಿಸುವುದೊಂದೇ ಗುರಿಯಾದರೆ ಏನಾಗುತ್ತದೆಂದು ಅಮೆರಿಕ ನೋಡಿದೆ. ಬೆಂಕಿ ಕಂಡ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಲೇಬೇಕು ಎಂದು ಅಲ್ಲಿನ ಅರಣ್ಯ ಸೇವೆ 1935ರಲ್ಲಿ ನಿಯಮ ಮಾಡಿತು. ಸಣ್ಣಪುಟ್ಟ ಬೆಂಕಿಯೂ ಇಲ್ಲದೆ ಎಷ್ಟೋ ಕಾಡುಗಳಲ್ಲಿ ಒಣಕಸ ಪೇರಿಕೊಂಡಿತು. 1978ರಲ್ಲಿ ಆ ನೀತಿಯನ್ನೇ ಕೈಬಿಟ್ಟರು. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನ ಮೂಲನಿವಾಸಿಗಳು ಒಣ ಹಂಗಾಮಿನ ಆರಂಭದಲ್ಲೇ, ಹುಲ್ಲಿನಲ್ಲಿ ಇನ್ನೂ ಪಸೆ ಇರುವಾಗ, ಅಲ್ಲಲ್ಲಿ ಒಂದೊಂದು ತುಂಡು ಸುಡುತ್ತಾರೆ. ರಾತ್ರಿಯ ಇಬ್ಬನಿಗೆ ಅದು ತಾನಾಗಿ ನಂದುತ್ತದೆ. ಅವರು ನೆಲ ಬಿಟ್ಟುಹೋದ ಕಡೆ ಹಂಗಾಮಿನ ಕೊನೆಯ ಭಾರಿ ಕಿಚ್ಚುಗಳು ಹೆಚ್ಚಿದವು. ಎಲ್ಲ ಕಾಡಿಗೂ ಇದೇ ಮದ್ದು ಎನ್ನುತ್ತಿಲ್ಲ. ಮಳೆಕಾಡು ಬೆಂಕಿಯನ್ನು ತಾಳುವುದಿಲ್ಲ.

ಇನ್ನು ಪ್ರಾಣದ ಮಾತು. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಸುಟ್ಟ ಕಿಚ್ಚಿನಲ್ಲಿ ಸತ್ತ 85 ಮಂದಿಯಲ್ಲಿ ಹೆಚ್ಚಿನವರು ವಯಸ್ಸಾದವರು. ಅದರ ಹಿಂದಿನ ವರ್ಷ ಪೋರ್ಚುಗಲ್‌ನ ಪೆಡ್ರೋಗಾವ್ ಗ್ರಾಂಡೆಯಲ್ಲಿ 66 ಜನ ಸತ್ತರು; ಬಹಳಷ್ಟು ಮಂದಿ ತಪ್ಪಿಸಿಕೊಳ್ಳಲು ಹೊರಟು ರಸ್ತೆಯಲ್ಲೇ ಸಿಕ್ಕಿಬಿದ್ದವರು. ಆಮೇಲೆ ಆ ದೇಶ ಹಳ್ಳಿಹಳ್ಳಿಯಲ್ಲಿ ಊರಿನವರೊಬ್ಬರಿಗೇ ಸುರಕ್ಷತೆಯ ಹೊಣೆ ವಹಿಸತೊಡಗಿತು. ಎಚ್ಚರಿಕೆ ಮುಟ್ಟಿಸುವುದು, ಯಾವ ಕಟ್ಟಡದಲ್ಲಿ ಸೇರಬೇಕೆಂದು ಮೊದಲೇ ಗೊತ್ತುಮಾಡುವುದು ಅವರ ಕೆಲಸ. ಯಾವ ಮನೆಯಲ್ಲಿ ಕಿವಿ ಕೇಳದ ಅಜ್ಜಿ ಒಬ್ಬರೇ ಇದ್ದಾರೆ ಎಂಬುದು ಡ್ರೋನಿಗೆ ಕಾಣದು, ನೆರೆಯವರಿಗೆ ಗೊತ್ತಿರುತ್ತದೆ.

ಡ್ರೋನ್ ಬೇಡವೆಂದಲ್ಲ, ಕೊಳ್ಳಲಿ. ಆದರೆ ಕಾಡಂಚಿನವರನ್ನೆಲ್ಲ ಆರೋಪಿಗಳ ಪಟ್ಟಿಗೆ ಸೇರಿಸಿದ ಮೇಲೆ ಆ ಅಜ್ಜಿಯ ಬಾಗಿಲು ತಟ್ಟಲು ಯಾರನ್ನು ಕಳಿಸುತ್ತೀರಿ?