ಪ್ರತಿ: ಬರೀ ಮೇಲ್ಮೈಯ ತರಿಯಿಂದಲೇ ಕಾಂಡಕೋಶ ಮೂಳೆಕೋಶ ಆಗುತ್ತದೆಯೇ?

ಡೆಕ್ಸಾಮೆಥಾಸೋನ್ (ಕಾಂಡಕೋಶವನ್ನು ಮೂಳೆಕೋಶವಾಗಿಸಲು ಪ್ರಯೋಗಾಲಯದಲ್ಲಿ ಬಳಸುವ ಸ್ಟೀರಾಯ್ಡ್ ಔಷಧಿ) ಹಾಕದೆ, ಮೇಲ್ಮೈಯ ತರಿಯಿಂದಲೇ ಕಾಂಡಕೋಶವನ್ನು ಮೂಳೆಯ ಕಡೆ ತಿರುಗಿಸಬಹುದೇ, ತರಿ ಹೆಚ್ಚಿದಷ್ಟೂ ಒಳ್ಳೆಯದೇ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಅಲ್ಲ.

2007ರಲ್ಲಿ ಗ್ಲಾಸ್ಗೋದ ಮ್ಯಾಥ್ಯೂ ಡಾಲ್ಬಿ ಮತ್ತು ಸಂಗಡಿಗರು ಪ್ಲಾಸ್ಟಿಕ್ ಮೇಲೆ 120 ನ್ಯಾನೋಮೀಟರ್ ಅಗಲ, 100 ನ್ಯಾನೋಮೀಟರ್ ಆಳದ ಕುಳಿಗಳನ್ನು ಮೂಡಿಸಿದರು. ಕುಳಿಗಳು ನೀಟಾಗಿ ಚೌಕದ ಸಾಲಿನಲ್ಲಿದ್ದಾಗ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಪೂರ್ತಿ ಅಡ್ಡಾದಿಡ್ಡಿ ಚೆಲ್ಲಿದರೂ ಅಷ್ಟು ಫಲವಿಲ್ಲ. ಪ್ರತಿ ಕುಳಿಯನ್ನು ಅದರ ಜಾಗದಿಂದ 50 ನ್ಯಾನೋಮೀಟರ್‌ವರೆಗೆ ಆಚೀಚೆ ಸರಿಸಿದಾಗ ಮಾತ್ರ ಮಾನವ ಮೆಸೆಂಕೈಮಲ್ ಕಾಂಡಕೋಶಗಳು (ಮೂಳೆ, ಕೊಬ್ಬು ಮುಂತಾದ ಕೋಶಗಳಾಗಬಲ್ಲ ಕಾಂಡಕೋಶಗಳು) ಮೂಳೆಯ ಖನಿಜ ತಯಾರಿಸಿದವು. ನನಗಂತೂ ಇದು ಇಂದಿಗೂ ಸೋಜಿಗವೇ.

ಕಾರಣ ಹಿಡಿತದಲ್ಲಿದೆ. ಜೀವಕೋಶ ಇಂಟೆಗ್ರಿನ್ ಪ್ರೋಟೀನುಗಳ ಗುಂಪುಗಳಿಂದ ನೆಲ ಹಿಡಿಯುತ್ತದೆ. ಆ ಹಿಡಿತ ದೊಡ್ಡದಾದರೆ ಒಳಗಿನ ಆಕ್ಟಿನ್ ಎಳೆಗಳು ಬಿಗಿಯುತ್ತವೆ, ಆ ಎಳೆತ ಕೋಶಕೇಂದ್ರಕ್ಕೂ ಮುಟ್ಟಿ ಮೂಳೆಯ ವಂಶವಾಹಿಗಳು ಚುರುಕಾಗುತ್ತವೆ. ಹಿಡಿತ ಸಡಿಲವಿದ್ದರೆ ಕೋಶ ಕೊಬ್ಬಿನ ಕಡೆ ವಾಲಬಹುದು.

ನೀವು ಟೈಟಾನಿಯಂ ಮೇಲೆ ಮಾಡುವುದಾದರೆ ಒಂದು ಎಚ್ಚರಿಕೆ. ಅದರ ಆಕ್ಸೈಡ್ ನ್ಯಾನೋಕೊಳವೆಗಳಲ್ಲಿ ಒಂದು ತಂಡಕ್ಕೆ 70ರಿಂದ 100 ನ್ಯಾನೋಮೀಟರ್ ವ್ಯಾಸ ಒಗ್ಗಿತು, ಇನ್ನೊಂದಕ್ಕೆ 15. ಕೊಳವೆಯನ್ನು ಕಾಯಿಸಿದ ರೀತಿ, ಕೋಶ ಬೆಳೆಸುವ ದ್ರವಕ್ಕೆ ಹಾಕುವ ಸೀರಮ್‌ನಿಂದ (ರಕ್ತದ ದ್ರವಭಾಗ) ಮೊದಲು ಅಂಟುವ ಪ್ರೋಟೀನು, ಎಲ್ಲವೂ ಫಲಿತಾಂಶ ಬದಲಿಸಬಲ್ಲವು. ಹಾಗಾಗಿ ಅದೇ ಲೋಹದ ನಯವಾದ ತುಣುಕನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಮೂಳೆಯ ಕಡೆ ತಿರುಗಿದ್ದರ ಮೊದಲ ಸುಳಿವಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಒಂದನ್ನೇ ನಂಬಬೇಡಿ, ಬಲಿತ ಮೂಳೆಕೋಶದ ಪ್ರೋಟೀನಾದ ಆಸ್ಟಿಯೋಕ್ಯಾಲ್ಸಿನ್ ಮತ್ತು ಖನಿಜದ ಕ್ಯಾಲ್ಸಿಯಂ ತೋರಿಸುವ ಅಲಿಜರಿನ್ ರೆಡ್ ಬಣ್ಣ ಕೂಡ ನೋಡಿ.