ಎಫ್‌ವಿಸಿ 78% ಬಂದಿದ್ದಕ್ಕೆ ಗಾಬರಿ ಬೇಡ

ಸಿಗರೇಟು ಸೇದಲ್ಲ, ಏದುಸಿರೂ ಇಲ್ಲ, ಆದರೂ ಸ್ಪೈರೋಮೆಟ್ರಿಯಲ್ಲಿ (ಊದಿಸಿ ಉಸಿರು ಅಳೆಯೋ ಪರೀಕ್ಷೆ) ಎಫ್‌ವಿಸಿ, ಅಂದರೆ ಪೂರ್ತಿ ಉಸಿರೆಳೆದು ಜೋರಾಗಿ ಹೊರಬಿಟ್ಟ ಒಟ್ಟು ಗಾಳಿ, 78% ಬಂದಿದೆ, ಶ್ವಾಸಕೋಶ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಆ ಒಂದು ಅಂಕಿ ನೋಡಿ ಹೆದರಬೇಡಿ.

ವಯಸ್ಸು, ಎತ್ತರ, ಗಂಡೋ ಹೆಣ್ಣೋ ಅನ್ನೋದನ್ನು ಹಿಡಿದು ಯಂತ್ರ ಒಂದು ನಿರೀಕ್ಷಿತ ಅಳತೆ ಹಾಕುತ್ತದೆ. 78% ಅಂದರೆ ಆ ಅಳತೆಯ ನೂರಕ್ಕೆ 78 ಭಾಗ. ಆ ಸೂತ್ರ ಯಾರನ್ನು ಅಳೆದು ಮಾಡಿದ್ದು ಅನ್ನೋದೇ ಮುಖ್ಯ. ಯುರೋಪಿಯನ್ ಮೂಲದವರ ಸೂತ್ರ ಹಾಕಿದರೆ ಆರೋಗ್ಯವಂತ ಭಾರತೀಯರಿಗೂ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ರಿಪೋರ್ಟಿನಲ್ಲಿ ಸೂತ್ರದ ಹೆಸರು ಹುಡುಕಿ. ಜಿಎಲ್‌ಐ 2012 (ಬೇರೆ ಬೇರೆ ಜನಾಂಗದ ಗುಂಪಿಗೆ ಬೇರೆ ಲೆಕ್ಕ ಇರೋ ಅಂತರರಾಷ್ಟ್ರೀಯ ಸೂತ್ರ) ಅಂತಿದ್ದರೆ ಯಾವ ಗುಂಪು ಆರಿಸಿದ್ದಾರೆ ಅಂತಲೂ ನೋಡಿ. ಹಾಗೇ ನಿಮ್ಮ ಎತ್ತರ. ಚಪ್ಪಲಿ ಬಿಚ್ಚಿಸಿ ಅಳೆದರಾ, ಸುಮ್ನೆ ಕೇಳಿ ಬರೆದುಕೊಂಡರಾ? ನಾಲ್ಕೈದು ಸೆಂಟಿಮೀಟರ್ ಜಾಸ್ತಿ ಬರೆದರೂ ಶೇಕಡಾ ಇಳಿಯುತ್ತದೆ.

80%ಗಿಂತ ಕಡಿಮೆ ಬಂದರೆ ತೊಂದರೆ ಅನ್ನೋ ಗಡಿ ಹಳೇ ರೂಢಿ. ಈಗ ನೋಡಬೇಕಾದ್ದು ಝಡ್-ಸ್ಕೋರ್, ಅಂದರೆ ನಿಮ್ಮಂಥ ಆರೋಗ್ಯವಂತರ ಸರಾಸರಿಯಿಂದ ನಿಮ್ಮ ಅಳತೆ ಎಷ್ಟು ದೂರ ಇದೆ ಅನ್ನೋ ಅಂಕಿ. ಅದು ಮೈನಸ್ 1.645ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತಾರೆ. ಆರೋಗ್ಯವಂತರಲ್ಲೂ ನೂರಕ್ಕೆ ಐದು ಜನ ಅಲ್ಲಿರುತ್ತಾರೆ. ನಿಮ್ಮ ಎಫ್‌ಇವಿ1/ಎಫ್‌ವಿಸಿ (ಹೊರಬಿಟ್ಟ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲೇ ಹೋದ ಪಾಲು) 0.84 ಇದೆ ಅಲ್ವಾ, ಅದು ಚೆನ್ನಾಗಿದೆ, ಗಾಳಿ ಹೊರಹೋಗೋಕೆ ಅಡ್ಡಿ ಇದ್ದಂತಿಲ್ಲ. ಝಡ್-ಸ್ಕೋರೂ ಕಡಿಮೆ ಇದ್ದರೆ, ಇಲ್ಲವೇ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ, ಶ್ವಾಸಕೋಶ ತಜ್ಞರಿಗೆ ತೋರಿಸಿ. ಶ್ವಾಸಕೋಶದ ಒಟ್ಟು ಗಾತ್ರ ಅಳೆಯೋಕೆ ಬೇರೆ ಪರೀಕ್ಷೆ ಇದೆ, ಸ್ಪೈರೋಮೆಟ್ರಿಯಿಂದ ಅದು ಗೊತ್ತಾಗಲ್ಲ.