ಟೈಲ್ಸ್ ನೋಡಿದಿರಿ, ಹಾಳೆ ಕೇಳಿದಿರಾ?

ಓದುಗರೊಬ್ಬರ ಪತ್ರದ ಸಾರ: ಬೌದ್ಧಿಕ ವಿಕಲತೆ ಇರುವ 31 ವರ್ಷದ ತಮ್ಮನನ್ನು ಅಕ್ಕ ನೋಡಿಕೊಳ್ಳುತ್ತಿದ್ದಾರೆ. ಅವನಿಗೆ ಫಿಟ್ಸ್ ಇದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಅಕ್ಕನಿಗೆ ಶಸ್ತ್ರಚಿಕಿತ್ಸೆ ಆಗಬೇಕಿದೆ. ಹತ್ತು ದಿನದ ತಾತ್ಕಾಲಿಕ ಆರೈಕೆ, ಅಂದರೆ ನೋಡಿಕೊಳ್ಳುವ ಮನೆಯವರಿಗೆ ಬಿಡುವು ಕೊಡುವ ರೆಸ್ಪೈಟ್ ಕೇರ್‌ಗೆಂದು ಎರಡು ಕಡೆ ನೋಡಿದ್ದಾರೆ. ಒಂದು ಹೊಸ ಕಟ್ಟಡ, ಮೂಲೆಮೂಲೆಗೂ ಸಿಸಿಟಿವಿ. ಇನ್ನೊಂದು ಬಣ್ಣ ಕಿತ್ತ ಹಳೆಯ ಮನೆ, ಆರೇ ಹಾಸಿಗೆ. "ಕ್ಯಾಮೆರಾ ಇದ್ದರೆ ಧೈರ್ಯ ಅಲ್ಲವೇ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಮೂರೂವರೆ ಪುಟ ಕಟ್ಟಡಕ್ಕೇ ಹೋಗಿದೆ. ಕಾಯಿಲೆಯ ವಿಷಯ ಬಿಟ್ಟರೆ ತಮ್ಮನ ಬಗ್ಗೆ ಇರುವುದು ಇಷ್ಟೇ, "ಪಾಪ, ಅವನಿಗೆ ಮಾತು ಬರುವುದಿಲ್ಲ." ಬೇಸರಿಸಬೇಡಿ, ನನ್ನ ಮೊದಲ ತಕರಾರು ಅಲ್ಲೇ. ನೋವಾದಾಗ ಅವನು ಕಿವಿ ಹಿಡಿಯುತ್ತಾನೋ, ತಟ್ಟೆ ದೂಡುತ್ತಾನೋ, ಸುಮ್ಮನೆ ಮೂಲೆ ಸೇರುತ್ತಾನೋ ನಿಮಗೆ ಗೊತ್ತು. ಅದೇ ಅವನ ಮಾತು. ಆ ನಿಘಂಟಿನ ಏಕೈಕ ಪ್ರತಿ ನಿಮ್ಮ ತಲೆಯಲ್ಲಿದೆ. ಅದನ್ನು ಕೇಳಿ ಬರೆದುಕೊಂಡವರು ಯಾರು? ಹಳೆಯ ಮನೆಯಾಕೆ "ಪ್ರಶ್ನೆ ಕೇಳಿ ಕೇಳಿ ತಲೆ ತಿಂದರು" ಎಂದು ಕೊನೆಯಲ್ಲಿ ದೂರಿದ್ದೀರಿ. ತಲೆ ತಿನ್ನುವವರೇ ಬೇಕು ತಾಯೀ.

ಕ್ಯಾಮೆರಾ ಬೇಡವೆಂದಲ್ಲ. ಇಂಗ್ಲೆಂಡಿನ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ವಿಕಲತೆ ಇರುವವರಿಗೆ ಕೊಡುತ್ತಿದ್ದ ಹಿಂಸೆಯನ್ನು 2011ರಲ್ಲಿ ಬಯಲಿಗೆಳೆದದ್ದು ಬಿಬಿಸಿಯ ರಹಸ್ಯ ಕ್ಯಾಮೆರಾವೇ; ಹನ್ನೊಂದು ಸಿಬ್ಬಂದಿಗೆ ಶಿಕ್ಷೆಯೂ ಆಯಿತು. ಆದರೆ ಅದಕ್ಕೂ ಮೊದಲು ಅಲ್ಲಿನ ಹಿರಿಯ ನರ್ಸ್ ಒಬ್ಬರು ಆಡಳಿತಕ್ಕೂ ತಪಾಸಣಾ ಸಂಸ್ಥೆಗೂ ದೂರು ಕೊಟ್ಟಿದ್ದರು. ಯಾರೂ ಕಿವಿಗೊಡಲಿಲ್ಲ. ಮೊದಲು ಕಂಡದ್ದು ಮನುಷ್ಯನ ಕಣ್ಣಿಗೆ.

ಕ್ಯಾಮೆರಾಕ್ಕೆ ಕಾಣದ ಒಂದನ್ನು ಹೇಳುತ್ತೇನೆ. ಜಾಗ ಬದಲಾದರೆ ಇಂಥ ಹಲವರಿಗೆ ಮಲಬದ್ಧತೆ ಆಗುತ್ತದೆ. ಗುರುತಿಲ್ಲದ ಶೌಚಾಲಯದಲ್ಲಿ ಕೂರಲು ಒಲ್ಲದೆ ತಡೆದುಕೊಳ್ಳುತ್ತಾರೆ, ನೀರೂ ಕಮ್ಮಿಯಾಗುತ್ತದೆ. ಮೂರನೇ ದಿನಕ್ಕೆ ಹೊಟ್ಟೆ ಕಲ್ಲಾಗಿರುತ್ತದೆ. ಹೇಳಲು ಬಾಯಿಲ್ಲ, ಕೈ ಕಚ್ಚಿಕೊಳ್ಳುತ್ತಾರೆ, ಪಕ್ಕದವರಿಗೆ ಹೊಡೆಯುತ್ತಾರೆ. ಹೊಸಬರು "ಇವರ ಸ್ವಭಾವವೇ ಹೀಗೆ" ಎಂದು ಶಾಂತಗೊಳಿಸುವ ಮಾತ್ರೆ ಕೊಡುತ್ತಾರೆ. ಅಂಥ ಹಲವು ಮಾತ್ರೆಗಳು ಕರುಳನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಕರುಳು ಕಟ್ಟಿ ಪ್ರಾಣ ಹೋದದ್ದೂ ಉಂಟು. ಇದನ್ನು ತಡೆಯಲು ಬೇಕಾದದ್ದು ಯಾವ ದಿನ ಆಯಿತು, ಯಾವ ದಿನ ಆಗಲಿಲ್ಲ ಎಂದು ಗುರುತು ಹಾಕುವ ಒಂದು ಹಾಳೆ. ಹೊಸ ಕಟ್ಟಡದಲ್ಲಿ ಆ ಹಾಳೆ ತೋರಿಸಿ ಎಂದು ಕೇಳಿ ನೋಡಿ.

ನೀರಿನದೂ ಅಷ್ಟೇ. ನೆತ್ತಿಗೇರದಿರಲೆಂದು ಅದನ್ನು ಗಟ್ಟಿ ಮಾಡಿ ಕೊಡುವುದುಂಟು. "ಸ್ವಲ್ಪ ಗಟ್ಟಿ ಮಾಡಿ ಕೊಡಿ" ಎಂದರೆ ಒಬ್ಬೊಬ್ಬರ ಕೈಗೆ ಒಂದೊಂದು ಗಟ್ಟಿ. ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಮಾಪನದಲ್ಲಿ ಪಾನೀಯಕ್ಕೆ 0ಯಿಂದ (ನೀರಿನಷ್ಟು ತೆಳು) 4ರವರೆಗೆ (ತೀರಾ ಗಟ್ಟಿ) ಹಂತಗಳಿವೆ. 10 ಮಿ.ಲೀ. ಸಿರಿಂಜಿನ ತುದಿಗೆ ಬೆರಳಿಟ್ಟು ತುಂಬಿಸಿ, 10 ಸೆಕೆಂಡು ಬೆರಳು ತೆಗೆದು ಮತ್ತೆ ಮುಚ್ಚಬೇಕು. ಒಳಗೆ 1ರಿಂದ 4 ಮಿ.ಲೀ. ಉಳಿದರೆ ಹಂತ 1. 4ರಿಂದ 8 ಉಳಿದರೆ ಹಂತ 2. ತಜ್ಞರು ನಿಮ್ಮ ತಮ್ಮನಿಗೆ ಯಾವ ಹಂತ ಹೇಳಿದ್ದಾರೋ ಆ ಅಂಕಿಯನ್ನೇ ಬರೆದುಕೊಡಿ. ಕುಡಿಸುವಾಗ ನೆಟ್ಟಗೆ ಕೂತಿರಬೇಕು. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಸಂಜೆ ಆರೈಕೆಯವರ ಪಾಳಿ ಬದಲಾಗುವ ಹೊತ್ತಿಗೇ ಇದು ತಪ್ಪುವುದು.

ಫಿಟ್ಸ್ ಇರುವವರನ್ನು ಸ್ನಾನದ ತೊಟ್ಟಿಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲ, ಟವೆಲ್ ತರುವಷ್ಟು ಹೊತ್ತೂ. ಶವರ್ ಕೆಳಗೆ ಕುರ್ಚಿ ಹಾಕಿ ಕೂರಿಸುವುದು ಮೇಲು, ಹೊರಗಿನಿಂದ ತೆಗೆಯಬಲ್ಲ ಚಿಲಕ ಇರಬೇಕು. ಫಿಟ್ಸ್ 5 ನಿಮಿಷ ದಾಟಿದರೆ ಆಂಬುಲೆನ್ಸ್. ಮಾತ್ರೆಗೆ "ಬೆಳಿಗ್ಗೆ, ರಾತ್ರಿ" ಸಾಲದು, ಗಂಟೆ ಬರೆಯಿರಿ. ಪುಡಿ ಮಾಡಬಾರದ ಮಾತ್ರೆ ಇದ್ದರೆ ಕೆಂಪು ಶಾಯಿಯಲ್ಲಿ ಬರೆಯಿರಿ. ಎಣಿಸಿ ಕೊಡಿ, ಎಣಿಸಿ ತೆಗೆದುಕೊಳ್ಳಿ: ದಿನಕ್ಕೆ ಎರಡರಂತೆ ಹತ್ತು ದಿನಕ್ಕೆ ಇಪ್ಪತ್ತು ಖರ್ಚಾಗಿರಬೇಕು. ದಿನಚರಿಯಲ್ಲಿ ಹತ್ತು ದಿನವೂ "ಚೆನ್ನಾಗಿ ಊಟ ಮಾಡಿದ, ಚೆನ್ನಾಗಿ ಮಲಗಿದ" ಎಂದಿದ್ದರೆ ಅವನನ್ನು ಯಾರೂ ನೋಡಿಲ್ಲ ಎಂದೇ ಲೆಕ್ಕ.

ಇನ್ನು, "ಬಿಟ್ಟು ಹೋಗುವುದು ಪಾಪವೇ?" ಎಂದು ಕೇಳಿದ್ದೀರಿ. ಅಲ್ಲ. ಈ ಪ್ರಶ್ನೆ ನಿಮ್ಮಿಂದ ಕೇಳಿಸುತ್ತಿರುವ ವ್ಯವಸ್ಥೆಯ ಮೇಲೆ ನನಗೆ ಸಿಟ್ಟಿದೆ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯಲ್ಲಿ ರೆಸ್ಪೈಟ್ ಕೇರ್ ಎಂಬ ಪದ ಇದೆ. ಎಲ್ಲಿ? 28ನೇ ವಿಧಿಯಲ್ಲಿ, ಬಡತನದಲ್ಲಿರುವ ಕುಟುಂಬಗಳ ನೆರವಿನ ಪಟ್ಟಿಯ ಬಾಲಕ್ಕೆ ಅಂಟಿಕೊಂಡಿದೆ. ನೋಡಿಕೊಳ್ಳುವವರು ಕುಸಿದುಬಿದ್ದ ಮೇಲೆ ಬಿಡುವು ಕೊಡುವುದೇ ರೂಢಿಯಾಗಿದೆ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಲ್ಲ. ರಾತ್ರಿ ಪಾಳಿಯ ಸಂಬಳದ ಮೇಲೆ ಹೆಸರು ಕೆತ್ತಲು ಬರುವುದಿಲ್ಲ. ಹಾಗಾಗಿ ಕೆಲಸದವರು ನಿಲ್ಲುವುದಿಲ್ಲ, ಪ್ರತಿ ಸಲವೂ ಹೊಸ ಮುಖ, ನಿಮ್ಮ ನಿಘಂಟು ಮತ್ತೆ ಮೊದಲ ಪುಟದಿಂದ.

ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವವರೆಗೂ ಕಾಯಬೇಡಿ. ಮೊದಲು ಒಂದು ಗಂಟೆ ಜೊತೆಗೆ ಕೂತು ಬನ್ನಿ, ಆಮೇಲೆ ಅರ್ಧ ದಿನ, ಆಮೇಲೆ ಒಂದು ರಾತ್ರಿ. ಸಾಧ್ಯವಾದಷ್ಟೂ ಪ್ರತಿ ಸಲವೂ ಅದೇ ಆರೈಕೆಯವರು ಇರುವಂತೆ ನೋಡಿಕೊಳ್ಳಿ. ಬಟ್ಟೆಬರೆ ಎಲ್ಲ ಒಗೆದು ಮಡಚಿ ಕಳಿಸುತ್ತೀರಿ, ಗೊತ್ತು. ದಿಂಬಿನ ಕವರೊಂದನ್ನು ಮಾತ್ರ ಒಗೆಯಬೇಡಿ. ಮನೆಯ ವಾಸನೆ ಅದರಲ್ಲಿರಲಿ.